ನಮಸ್ಕಾರವಿಲ್ಲದ ನೋಟ್‌ಬುಕ್ಕು

ನಾನೊಂದು ನೋಟ್‌ಬುಕ್ಕು. ಅಂಗೈಯಷ್ಟು ಅಗಲ, ನೀಲಿ ರೆಕ್ಸಿನ್ ರಟ್ಟು, ತೊಂಬತ್ತಾರು ಹಾಳೆ. ಹುಬ್ಬಳ್ಳಿಯ ಒಂದು ಬೈಂಡಿಂಗ್ ಅಂಗಡಿಯಲ್ಲಿ ನನ್ನ ಬೆನ್ನಿಗೆ ದಾರ ಹೊಲಿದು, ಗೋಂದು ಬಳಿದು, ಮೇಲೆ ಕಲ್ಲು ಹೇರಿ ಒಣಗಿಸಿದರು. ನನ್ನ ಜೊತೆ ಹುಟ್ಟಿದವನೊಬ್ಬ ಭಜನಾ ಮಂಡಳಿಗೆ ಹೋದ. ಅವನು ತನ್ನ ಕತೆಯನ್ನು ತಲೆಯೆತ್ತಿ ಹೇಳಿಕೊಳ್ಳಲಿ. ನಾನು ತಲೆ ತಗ್ಗಿಸಿಯೇ ಹೇಳಬೇಕು. ನಮ್ಮೊಳಗೆ ಏನು ಬರೀತಾರೋ ಅದೇ ನಾವು, ಬೇಡ ಅನ್ನೋಕೆ ಬಾಯಿಲ್ಲ. ಹಾಗಂತ ನಾಚಿಕೆಯೂ ಇಲ್ಲ ಅಂತ ತಿಳೀಬೇಡಿ.

ನನ್ನನ್ನು ಕೊಂಡವನು ಇಳಕಲ್ಲಿನ ಕಳಕಪ್ಪ, ಗ್ರಾನೈಟ್ ಕ್ವಾರಿಯ ಮೇಸ್ತ್ರಿ. ಆಫ್ರಿಕಾದ ಅಂಗೋಲ ದೇಶದಲ್ಲಿ ಕಪ್ಪುಕಲ್ಲಿನ ಕ್ವಾರಿಗಳಿವೆ. ಅಲ್ಲಿ ನಡೆಯುವ ಮಾತು ಪೋರ್ಚುಗೀಸು. ಅಲ್ಲಿಗೆ ಕೆಲಸಕ್ಕೆ ಹೋದ ವಾರದಲ್ಲೇ ಕಳಕಪ್ಪ ನನ್ನಲ್ಲಿ ಬರೆಯಲು ಶುರು ಮಾಡಿದ. ಎಡಕ್ಕೆ ಕನ್ನಡ, ಬಲಕ್ಕೆ ಕನ್ನಡದ ಅಕ್ಷರದಲ್ಲೇ ಪೋರ್ಚುಗೀಸು. ಏಳು, ಲೆವಾಂತ. ನಡಿ, ಆಂದ. ಬೇಗ, ರಾಪಿದು. ಎತ್ತು, ಇಳಿಸು, ಬಾಯಿ ಮುಚ್ಚು. ಕಳಕಪ್ಪನದು ಬಾಲ್‌ಪೆನ್ ಒತ್ತಿ ಒತ್ತಿ ಬರೆಯುವ ಕೈ. ಹುಕುಮು ಕೊಡುವಾಗ ಹೇಗೆ ಹಲ್ಲು ಕಚ್ಚುತ್ತಿದ್ದನೋ ಬರೆಯುವಾಗಲೂ ಹಾಗೇ. ಇಪ್ಪತ್ತು ಹಾಳೆ ತುಂಬಿತು. ಒಂದೇ ಒಂದು ನಮಸ್ಕಾರ ಇರಲಿಲ್ಲ.

ಎರಡು ವರ್ಷ ಬಿಟ್ಟು ಊರಿಗೆ ಬಂದವನು ನನ್ನನ್ನು ತನ್ನ ಓಣಿಯ ಯಮನೂರನ ಕೈಗಿಟ್ಟ. ಯಮನೂರ ಅದೇ ಕ್ವಾರಿಗೆ ಮೇಸ್ತ್ರಿಯಾಗಿ ಹೊರಟಿದ್ದ.

"ತಗೋಳಪಾ. ಇದೊಂದಿದ್ರ ಸಾಕು, ಅಲ್ಲಿ ಮಂದಿನ್ನ ಕುಣಸ್ತಿ."

"ನಮಸ್ಕಾರಕ್ಕ ಏನಂತಾರ ಕಾಕಾ?"

"ಯಾರಿಗೆ ಮಾಡಾಂವ ಅದಿ ನೀ ನಮಸ್ಕಾರ?"

ಕಳಕಪ್ಪ ನಕ್ಕ. ಯಮನೂರನೂ ನಕ್ಕ. ಏಳನೇ ಇಯತ್ತೆಗೆ ಶಾಲೆ ಬಿಟ್ಟ ಹುಡುಗ. ಶಾಲೆಯಲ್ಲಿ ಅವನು ಕೇಳಿಸಿಕೊಂಡದ್ದೂ ಇವೇ ಮಾತು: ಏಳು, ನಡಿ, ಬಾಯಿ ಮುಚ್ಚು. ಈಗ ಅವನ್ನು ಬೇರೆಯವರಿಗೆ ಹೇಳುವ ಸರದಿ ಬಂತಲ್ಲ ಅಂತ ಅವನ ಎದೆ ಉಬ್ಬಿದ್ದು ಅಂಗಿಯ ಕಿಸೆಯಲ್ಲಿದ್ದ ನನಗೆ ಗೊತ್ತಾಯಿತು.

ಕ್ವಾರಿಯಲ್ಲಿ ಆಗುಸ್ತಿನ್ಯು ಎಂಬ ಮುದುಕನಿದ್ದ. ಸಣ್ಣ ಸುತ್ತಿಗೆಯಿಂದ ಬಂಡೆ ಬಡಿದು, ಕಿವಿಯಿಟ್ಟು ಕೇಳಿ, ಒಳಗಿನ ಬಿರುಕು ಎಲ್ಲಿದೆ ಅಂತ ಹೇಳುತ್ತಿದ್ದ. ಅವನು ಸುಣ್ಣದಲ್ಲಿ ಗೆರೆ ಎಳೆದ ಮೇಲೇ ಕೊಯ್ಯುವ ಯಂತ್ರ ಹಚ್ಚುವುದು. ಎಲ್ಲರೂ ಅವನನ್ನು ಕೋಟಾ ಅನ್ನುತ್ತಿದ್ದರು, ಹಿರಿಯ ಅಂತ. ದಿನಾ ಬೆಳಗ್ಗೆ ಆಳುಗಳೆಲ್ಲ ಒಬ್ಬರ ಕೈ ಒಬ್ಬರು ಹಿಡಿದು, ರಾತ್ರಿ ಹೇಗೆ ಕಳೀತು, ತಾಯಿ ಹೇಗಿದ್ದಾಳೆ, ಮಕ್ಕಳು ಹೇಗಿದ್ದಾರೆ ಅಂತ ಕೇಳಿಯೇ ಕೆಲಸ ಮುಟ್ಟುವುದು. ಯಮನೂರ ಮಾತ್ರ ದೂರ ನಿಂತು ನನ್ನನ್ನು ತೆರೆಯುತ್ತಿದ್ದ. "ರಾಪಿದು! ರಾಪಿದು!" ಮುದುಕ ಅವನತ್ತ ಒಮ್ಮೆ ನೋಡಿ, ಸುತ್ತಿಗೆ ಎತ್ತಿಕೊಂಡು ಹೋಗುತ್ತಿದ್ದ.

ಒಂದು ಸೋಮವಾರ ಆಗುಸ್ತಿನ್ಯು ಬರಲಿಲ್ಲ. ಅವನ ಹೆಂಡತಿ ತೀರಿಕೊಂಡಿದ್ದಳು. ದೊಡ್ಡದೊಂದು ಕಲ್ಲಿನ ಬ್ಲಾಕು ಆ ವಾರ ಕೊಯ್ದು ಹಡಗಿಗೆ ಹೋಗಬೇಕಿತ್ತು. "ಮುದುಕನ್ನ ಕರಕೊಂಡು ಬಾ, ಇಲ್ಲಾಂದ್ರೆ ನಿನ್ನ ಮೇಸ್ತ್ರಿಕೆ ಹೋಯ್ತು" ಅಂದ ಮ್ಯಾನೇಜರ.

ಅಲ್ಲಿ ಸತ್ತವರ ಮನೆಗೆ ಜನ ವಾರಗಟ್ಟಲೆ ಬಂದು ಸುಮ್ಮನೆ ಕೂರುತ್ತಾರೆ. ಒಳಗೆ ಚಾಪೆಯ ಮೇಲೆ ಹೆಂಗಸರು, ಅಂಗಳದಲ್ಲಿ ಗಂಡಸರು. ಬಂದವರು ಬೇಲಿಯ ಹೊರಗೆ ನಿಂತು ಮೆಲ್ಲಗೆ ಚಪ್ಪಾಳೆ ತಟ್ಟಿ, ಒಳಗಿನವರು ಕರೆದ ಮೇಲೇ ಕಾಲಿಡಬೇಕು. ಯಮನೂರ ತಟ್ಟಲಿಲ್ಲ. ಬೂಟುಗಾಲಲ್ಲಿ ಸೀದಾ ಮುದುಕನ ಎದುರು ಹೋಗಿ ನಿಂತು ನನ್ನನ್ನು ತೆರೆದ.

"ಲೆವಾಂತ. ಆಂದ. ರಾಪಿದು."

ನನ್ನ ಹಾಳೆಗಳಿಗೆ ಅಲ್ಲೇ ಬೆಂಕಿ ಬೀಳಬಾರದಿತ್ತೇ ಅನ್ನಿಸಿತು ನನಗೆ.

ಮುದುಕ ತಲೆಯೆತ್ತಲಿಲ್ಲ. ಅವನ ಮಗಳು ಸೆಲೆಸ್ತಿ ಎದ್ದು ಬಂದು ನನ್ನನ್ನು ಕಸಿದುಕೊಂಡು, ಒಂದೊಂದೇ ಹಾಳೆ ತಿರುವಿ, ಮತ್ತೆ ಯಮನೂರನ ಮುಖದೆದುರು ಹಿಡಿದಳು. ಓದು, ಎಲ್ಲಾ ಓದು, ಅಂತ ಕೈಸನ್ನೆ ಮಾಡಿದಳು. ಅವನು ಓದಿದ. ಎತ್ತು. ಇಳಿಸು. ಬಾಯಿ ಮುಚ್ಚು. ಹೆಣ ಹೋದ ಮನೆಯಲ್ಲಿ ಒಂದೊಂದಾಗಿ ಎಲ್ಲರೂ ಕೇಳಿಸಿಕೊಂಡರು. ಆರನೆಯದಕ್ಕೆ ಅವನ ದನಿ ನಿಂತುಹೋಯಿತು.

ಅವನಪ್ಪ ಸತ್ತಾಗ ಇಳಕಲ್ಲಿನ ಮನೆಗೆ ಬಂದವರು, ಏಳುವಾಗ "ಹೋಗಿ ಬರ್ತೀವಿ" ಅಂತಲೂ ಅನ್ನದೆ ಹೋಗಿದ್ದರು. ಸಾವಿನ ಮನೆಯಲ್ಲಿ ಆ ಮಾತು ಆಡಬಾರದು. ಅದನ್ನು ಅವನಿಗೆ ಯಾವ ಪುಸ್ತಕವೂ ಕಲಿಸಿರಲಿಲ್ಲ, ಆದರೂ ಗೊತ್ತಿತ್ತು. ಗೊತ್ತಿದ್ದೂ ಹೀಗೆ ಮಾಡಿದ. ಗೊತ್ತಿಲ್ಲದವನಾಗಿದ್ದರೆ ಕ್ಷಮಿಸಬಹುದಿತ್ತು.

ಬೂಟು ಬಿಚ್ಚಿ ಬೇಲಿಯ ಹೊರಗಿಟ್ಟು ಬಂದು ನೆಲದ ಮೇಲೆ ಕೂತ. ಸಂಜೆಯವರೆಗೂ ಕೂತ. ಮರುದಿನವೂ, ಅದರ ಮರುದಿನವೂ. ಯಾರೂ ಮಾತಾಡಿಸಲಿಲ್ಲ. ಮುದುಕನಿಲ್ಲದೆ ಕೊಯ್ದ ಬ್ಲಾಕು ನಡುವೆ ಸೀಳಿತು. ಯಮನೂರನ ಮೇಸ್ತ್ರಿಕೆ ಹೋಗಿ, ನೀರಿನ ಪೈಪು ಹಿಡಿಯುವ ಕೆಲಸ ಸಿಕ್ಕಿತು. ಅವನು ಅದಕ್ಕೆ ಅಳಲಿಲ್ಲ. ಅವನಿಗೆ ಬೇಕಾಗಿದ್ದದ್ದು ಒಂದೇ, ಮುದುಕ ತನ್ನನ್ನು ಒಮ್ಮೆ ಮಾತಾಡಿಸಬೇಕು.

ತಿಂಗಳಾದ ಮೇಲೆ, ಕ್ವಾರಿಗೆ ಮರಳಿದ ಅಪ್ಪನಿಗೆ ಬುತ್ತಿ ತರುತ್ತಿದ್ದ ಸೆಲೆಸ್ತಿಯ ಮುಂದೆ ಅವನು ನನ್ನನ್ನೂ ಪೆನ್ನನ್ನೂ ಹಿಡಿದು ನಿಂತ. ಅವಳು ಮೊದಲು ನಕ್ಕಳು, ಆಮೇಲೆ ನಿಧಾನವಾಗಿ ಹೇಳಿಕೊಟ್ಟಳು. ಬೋಂ ದಿಯ, ಪಾಯಿ: ನಮಸ್ಕಾರ, ತಂದೆ. ಕೋಮು ಪಸೋ ಆ ನೋಯ್ತಿ: ರಾತ್ರಿ ಹೇಗೆ ಕಳೀತು. ತಾ ಫಿಶ್: ಎಲ್ಲಾ ಮಸ್ತ್. ಇದು ಗೆಳೆಯರಿಗೆ ಮಾತ್ರ; ಹಿರಿಯರಿಗೆ ಅಂದರೆ ಕಿವಿ ಹಿಂಡುತ್ತೇನೆ ಅಂತ ತನ್ನ ಕಿವಿಯನ್ನೇ ಹಿಂಡಿ ತೋರಿಸಿದಳು.

ಹದಿನಾಲ್ಕು ತಿಂಗಳು, ದಿನಾ ಬೆಳಗ್ಗೆ, "ಬೋಂ ದಿಯ, ಪಾಯಿ." ಆಗುಸ್ತಿನ್ಯು ಎಲ್ಲರ ಕೈ ಹಿಡಿದು ಇವನನ್ನು ದಾಟಿ ಹೋಗುತ್ತಿದ್ದ.

ಊರಿಗೆ ಹೊರಡುವ ದಿನ ಮುದುಕ ತಾನೇ ಬಂದು ಕೈ ಹಿಡಿದ. ರಾತ್ರಿ ಹೇಗೆ ಕಳೀತು? ನಿನ್ನ ತಾಯಿ ಹೇಗಿದ್ದಾಳೆ? ಯಮನೂರ ಕಿಸೆಯಲ್ಲಿ ನನ್ನನ್ನು ತಡಕಾಡಿದ. ಕೇಳುವ ಮಾತೆಲ್ಲ ನನ್ನಲ್ಲಿತ್ತು, ಹಿರಿಯರಿಗೆ ಹೇಳುವ ಉತ್ತರ ಎಲ್ಲೂ ಇರಲಿಲ್ಲ. ಇವನನ್ನೂ ಒಬ್ಬರು ಕೇಳಿಯಾರು ಅಂತ ನಾವಿಬ್ಬರೂ ಎಣಿಸಿರಲಿಲ್ಲ. ಮುದುಕ ಉತ್ತರಕ್ಕೆ ಕಾದ. ಜೀಪು ಹಾರ್ನ್ ಹೊಡೆಯುವವರೆಗೂ ಕೈ ಬಿಡದೆ ಕಾದ.

ಊರಿಗೆ ಬಂದ ಮೇಲೆ ಯಮನೂರ ಮೊದಲಿನ ಇಪ್ಪತ್ತು ಹಾಳೆ ಹರಿದು ಒಲೆಗೆ ಹಾಕಿದ. ಉಳಿದ ನಾನು ಗೋಡೆಯ ಗೂಡಿನಲ್ಲಿ, ಚಿಮಣಿ ಬುಡ್ಡಿಯ ಪಕ್ಕದಲ್ಲಿದ್ದೇನೆ. ಹೊಲಿಗೆ ಸಡಿಲಾಗಿದೆ.

ಮೊನ್ನೆ ವೆಲ್ಡರ್ ದಾವಲಸಾಬ ಬಂದ. ಅದೇ ಕ್ವಾರಿಗೆ ಹೊರಟಿದ್ದಾನೆ. ಬಾಗಿಲಲ್ಲೇ ನಿಂತು, "ಆ ಬುಕ್ ಕೊಡೋ. ಮಂದಿನ್ನ ದುಡಸೋ ಮಾತು ಬೇಕಾಗ್ಯಾವ" ಅಂದ.

"ಬಾ, ಕುಂದ್ರು. ನಿಮ್ಮವ್ವ ಹ್ಯಾಂಗದಾಳ?"

"ಅದಾಳ, ಅದಾಳ. ಬುಕ್ ಕೊಡು ಮೊದಲ."

ತಿರುವಿ ನೋಡಿ ಮುಖ ಗಂಟಿಕ್ಕಿದ. "ಬರೇ ನಮಸ್ಕಾರನ ಬರದಿಯಲ್ಲೋ!" ಆಮೇಲೆ ಬೆಳಕಿಗೆ ಓರೆಯಾಗಿ ಹಿಡಿದ. ಹರಿದ ಕೊನೆಯ ಹಾಳೆಯ ಒತ್ತು ನನ್ನ ಮೇಲೆ ಇನ್ನೂ ಇದೆ. ಬೆರಳಾಡಿಸಿದ. "ಏ, ಇಲ್ಲೇನೋ ಮೂಡೇತಿ ನೋಡು... ಕಲಾ... ಬೋಕ... ಹಂಗಂದ್ರ?"

ಬಾಯಿ ಮುಚ್ಚು ಅಂತ. ಯಮನೂರ ಅದನ್ನು ಹೇಳಲಿಲ್ಲ. ಅವನ ಮುಖ ಕೆಂಪಾಯಿತು. ಸ್ಟೂಲು ಎಳೆದು ದಾವಲಸಾಬನ ರಟ್ಟೆ ಹಿಡಿದು ಕೂರಿಸಿದ. "ಮೊದಲ ಮ್ಯಾಲಿಂದು ಓದು. ನಾ ಕೇಳ್ತೀನಿ."

"ಬೋಂ ದಿಯ, ಪಾಯಿ" ಅಂತ ದಾವಲಸಾಬ ಗೊಣಗಿದ. "ಕೋಮು ಪಸೋ ಆ ನೋಯ್ತಿ?"

ಯಮನೂರ ಎದ್ದು ನಿಂತು, ಆ ಜೀಪಿನ ಮುಂದೆ ಆಡಲಾಗದ ಉತ್ತರವನ್ನು ಕನ್ನಡದಲ್ಲೇ ಆಡಿದ. "ಚಲೋ ಕಳೀತರಿ. ಅವ್ವ ಆರಾಮದಾಳ. ನೀವು ಹ್ಯಾಂಗದೀರಿ?"

ಕೇಳಬೇಕಾದವನು ಏಳು ಸಮುದ್ರದಾಚೆ ಇದ್ದ.