ತುಟಿ ಆಡಿಸುವವರ ಸ್ತುತಿ

ಮದುವೆಯಾದ ಹೊಸದರಲ್ಲಿ ನಮ್ಮವರು ನನ್ನ ಕಿವಿಯಲ್ಲಿ ಹೇಳಿದ ಮೊದಲ ಗುಟ್ಟು ಪ್ರೀತಿಯದ್ದಲ್ಲ. ಚರ್ಚಿನಲ್ಲಿ ಹಾಡುವ ತಂಡಕ್ಕೆ ಅವರೇ ನಾಯಕರು. ನಾನೂ ಆ ತಂಡ ಸೇರಿದ ದಿನ ನನ್ನ ಹಿಂದೆ ಬಂದು ನಿಂತು, "ನೀನು ಬರೀ ತುಟಿ ಆಡಿಸು, ಸಾಕು. ಯಾರಿಗೂ ಹೇಳೋಕೆ ಹೋಗ್ಬೇಡ," ಅಂದರು. ವಾರವೆಲ್ಲ ಅಂಗಡಿಯಲ್ಲಿ ಗಡಿಯಾರ ಬಿಚ್ಚಿ ಜೋಡಿಸುವ ಮನುಷ್ಯ, ಭಾನುವಾರ ನಮ್ಮನ್ನೂ ಹಾಗೆಯೇ ಬಿಚ್ಚಿ ನೋಡುತ್ತಿದ್ದರು. ಅಂದಿನಿಂದ ನನ್ನದು ಮೂಕ ಭಕ್ತಿ.

ಅವರಿಗೆ ಅಚ್ಚುಮೆಚ್ಚಿನದು ಕೃತಜ್ಞತೆಯ ಕೀರ್ತನೆ. ಭೂಮಿಯ ಮೇಲಿರುವವರೆಲ್ಲ ದೇವರನ್ನು ನೆನೆದು ಸಂತೋಷದಿಂದ ಕೂಗಬೇಕು ಎನ್ನುತ್ತದೆ ಅದು.

"ಎಲ್ಲರೂ ಅಂದ್ರೆ ಅದ್ರಲ್ಲಿ ನಾನೂ ಬರ್ತೀನಿ ಅಲ್ವೇನ್ರೀ?" ಎಂದು ಒಮ್ಮೆ ಕೇಳಿದೆ.

"ಕೂಗು ಅಂದ್ರೆ ಶ್ರುತಿಯಲ್ಲಿ ಕೂಗು ಅಂತ ಅರ್ಥ," ಎಂದರು.

ಕೀರ್ತನೆ ಬರೆದವನು ಇವರ ಸೋದರಮಾವನೇ ಇರಬೇಕು, ಖುದ್ದಾಗಿ ಬಂದು ಅರ್ಥ ಹೇಳಿಹೋಗಿದ್ದಾನೆ ಎಂದುಕೊಂಡೆ.

ಹೋದ ವರ್ಷ ಅವರ ಗಂಟಲಲ್ಲಿ ಗಡ್ಡೆಯಾಯಿತು. ಡಾಕ್ಟರು ಜೀವ ಉಳಿಸಿದರು, ಕಂಠ ಉಳಿಸಲಾಗಲಿಲ್ಲ. ಮಾತು ಬರುತ್ತಿತ್ತು, ಆದರೆ ಎಣ್ಣೆ ಕಾಣದ ಬಾಗಿಲಿನ ಹಾಗೆ. ನಮ್ಮವರು ಹಾಡುವುದನ್ನು ಬಿಟ್ಟರು. ಅದಾದರೂ ಹೋಗಲಿ, ತಪ್ಪು ಹುಡುಕುವುದನ್ನೂ ಬಿಟ್ಟರು. ನಾನು ಉಪ್ಪು ಮರೆತರೆ ತೆಪ್ಪಗೆ ಉಂಡು ಏಳುತ್ತಿದ್ದರು. ಮನೆಯ ಗೋಡೆ ಗಡಿಯಾರ ನಿಂತುಹೋಯಿತು, ಕೀಲಿ ಕೊಡಲಿಲ್ಲ. ಬದುಕಿ ಬಂದ ಗಂಡನಿಗೆ ಬದುಕುವ ಮನಸ್ಸೇ ಇಲ್ಲವಲ್ಲ ಎಂದು ನನಗೆ ಹೆದರಿಕೆಯಾಯಿತು.

ಇವರು ಗುಣವಾದದ್ದಕ್ಕೆ ಪಾದ್ರಿಗಳು ಒಂದು ಕೃತಜ್ಞತಾ ಆರಾಧನೆ ಇಟ್ಟುಕೊಂಡರು. ತಂಡ ಅದೇ ಕೀರ್ತನೆ ಹಾಡುವುದು, ಇವರು ಮುಂದಿನ ಬೆಂಚಿನಲ್ಲಿ ಕೂತು ಕೇಳುವುದು. ಕೀಬೋರ್ಡ್ ನುಡಿಸುವ ಅಜ್ಜಿಗೆ ಕಿವಿ ಮಂದ, ಹಾಗಾಗಿ ಅಭ್ಯಾಸದಲ್ಲಿ ಸ್ಪೀಕರಿನ ಅಬ್ಬರಕ್ಕೆ ಕಿಟಕಿ ಗಾಜು ನಡುಗಿತು. ಅದರೊಳಗೆ ಯಾರು ಹಾಡಿದರು, ಯಾರು ಬಿಟ್ಟರು, ದೇವರೇ ಬಲ್ಲ.

ಆ ಭಾನುವಾರ ಎರಡನೇ ಸಾಲಿಗೆ ಕರೆಂಟು ಹೋಯಿತು. ಕೀಬೋರ್ಡು ಗಪ್‌ಚಿಪ್. ನಮ್ಮ ತುಟಿಗಳು ಮಾತ್ರ ಆಡುತ್ತಲೇ ಇದ್ದವು, ಸದ್ದಿಲ್ಲ. ನಾನು ಪಕ್ಕದ ದರ್ಜಿಯನ್ನು ನೋಡಿದೆ, ಅವನು ನನ್ನನ್ನು ನೋಡಿದ. ಹಿಂದೆ ನರ್ಸಮ್ಮ, ಆಚೆಗೆ ಬಸ್ ಡ್ರೈವರ್, ಎಲ್ಲರೂ ಮೀನಿನ ಹಾಗೆ ಬಾಯಿ ತೆರೆದು ಮುಚ್ಚುತ್ತಿದ್ದರು. ಈ ಪುಣ್ಯಾತ್ಮ ಒಬ್ಬೊಬ್ಬರ ಕಿವಿಯಲ್ಲೂ ಅದೇ ಗುಟ್ಟು ಹೇಳಿದ್ದರು. ನಾವು ಒಬ್ಬೊಬ್ಬರೂ ಮಿಕ್ಕವರೆಲ್ಲ ಹಾಡುತ್ತಿದ್ದಾರೆ ಎಂದೇ ನಂಬಿದ್ದೆವು. ಇಷ್ಟು ವರ್ಷವೂ ಭೂಮಿಯ ಮೇಲಿರುವವರೆಲ್ಲರ ಪರವಾಗಿ ನಮ್ಮವರು ಒಬ್ಬರೇ ಹಾಡಿದ್ದರು.

ಮುಂದಿನ ಬೆಂಚಿನಲ್ಲಿ ಅವರ ಮುಖ ಬಿಳಿಚಿಕೊಂಡಿತು. ಪಾದ್ರಿಗಳು ಕೆಮ್ಮಿದರು. ಆಮೇಲೆ ನಮ್ಮವರು ಬೆಂಚು ಹಿಡಿದು ಎದ್ದು, ಮೂರನೇ ಸಾಲು ಎತ್ತಿಕೊಂಡರು. ಒಂದು ಸ್ವರವಾದರೂ ತನ್ನ ಜಾಗದಲ್ಲಿದ್ದರೆ ಕೇಳಿ. ನನಗೆ ಅಳು ಬಂತು. ಅಳುತ್ತಲೇ ಗಂಟಲು ಬಿಚ್ಚಿ ಕೂಗಿದೆ. ದರ್ಜಿ ಕೂಗಿದ, ನರ್ಸಮ್ಮ ಕೂಗಿದರು, ಡ್ರೈವರಂತೂ ಹಾರ್ನ್ ಹೊಡೆದಂತೆ ಕೂಗಿದ. ಚರ್ಚು ಸಂತೆಯಾಯಿತು.

ಮನೆಗೆ ಬಂದು ಚಪ್ಪಲಿ ಬಿಡುತ್ತಾ, "ಮೂರನೇ ಸಾಲಲ್ಲಿ ನೀನು ತೀರಾ ಶ್ರುತಿ ತಪ್ಪಿದೆ," ಅಂದರು.

ಆ ಮಾತು ಕೇಳಿ ನನಗಾದ ಸಂತೋಷ ಅಷ್ಟಿಷ್ಟಲ್ಲ. "ನೀವೇನು ಕಮ್ಮಿ ಇರ್ಲಿಲ್ಲ ಬಿಡಿ," ಅಂದೆ.

ಅವರು ಕುರ್ಚಿ ಎಳೆದುಕೊಂಡು ಹತ್ತಿ, ಗೋಡೆ ಗಡಿಯಾರಕ್ಕೆ ಕೀಲಿ ಕೊಡತೊಡಗಿದರು.

"ಮುಂದಿನ ವಾರ ನನ್ನ ಪಕ್ಕದಲ್ಲೇ ನಿಂತ್ಕೊ," ಅಂದರು, ನನ್ನ ಕಡೆ ತಿರುಗದೆ. "ಜೋರಾಗಿ ಹಾಡು. ನನ್ನದು ಮುಚ್ಚಿಹೋಗ್ಲಿ."