ವಸಿ ಅಂದರೆ ಎಷ್ಟು ಮಿಲಿ?

ಕುಡಿಯುವವರು ಸುಳ್ಳು ಹೇಳುತ್ತಾರೆ ಅನ್ನುತ್ತಾರೆ ಜನ. ಹಾಗೇನಿಲ್ಲ, ನಿಜವನ್ನೇ ಹೇಳುತ್ತಾರೆ, ಅಳತೆಯೊಂದನ್ನು ಬಿಟ್ಟು. ಮಂಡ್ಯದ ಆಸ್ಪತ್ರೆಯೊಂದರಲ್ಲಿ ಲಿವರ್ ಕೆಟ್ಟವರನ್ನು ಕೂರಿಸಿಕೊಂಡು, ಜೀವಮಾನದಲ್ಲಿ ಎಷ್ಟು ಕುಡಿದಿದ್ದಾರೆಂದು ಫಾರಂ ತುಂಬುವುದು ನನ್ನ ಕೆಲಸ. ಕಾರವಾರದಿಂದ ಬಂದ ನನ್ನ ತಲೆಯನ್ನು ಈ ಕಡೆಯ ಒಂದು ಪದ ಪೂರ್ತಿ ತಿಂದುಹಾಕಿತು.

ಇಪ್ಪತ್ತೈದು ವರ್ಷ ಕುಡಿದ ಚಿಕ್ಕರಸಿನಕೆರೆಯ ಕೆಂಪಸಿದ್ದಯ್ಯನವರು ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಮಲಗಿದ್ದರು. ಪಕ್ಕದಲ್ಲಿ ಹೆಂಡತಿ ಸಣ್ಣತಾಯಮ್ಮ.

"ದಿನಾ ಎಷ್ಟು ಕುಡೀತಿದ್ರಿ?" ಎಂದೆ.

"ವಸಿ."

"ಹಬ್ಬದಲ್ಲಿ?"

"ಅವಾಗ್ಲೂ ವಸಿಯಾ."

"ಬೀಗರೂಟದಲ್ಲಿ?"

"ಅಲ್ಲಿ ಬ್ಯಾಡ ಅಂದ್ರೆ ಬೀಗ್ರು ಬೇಜಾರ್ ಮಾಡ್ಕತಾರೆ ಕಣವ್ವ. ಇನ್ನೊಂದ್ ವಸಿ."

ವಸಿ ಅಂದರೆ ಸ್ವಲ್ಪ ಎಂದು ನರ್ಸ್ ಹೇಳಿದಳು. ಮೂವತ್ತು ಮಿಲಿ ಎಂದು ಬರೆದೆ. ಅದನ್ನು ಓದಿದ ಡಾಕ್ಟರ್ ಶಶಿಧರ್, ಇಷ್ಟಕ್ಕೆಲ್ಲ ಲಿವರ್ ಹೀಗಾಗುವುದಿಲ್ಲ, ಬೇರೇನೋ ಕಾಯಿಲೆ ಇರಬೇಕು, ನಾಳೆ ಸೂಜಿ ಚುಚ್ಚಿ ಲಿವರಿನ ಚೂರು ತೆಗೆದು ನೋಡೋಣ ಎಂದರು. ಇಂಥ ಹೊಟ್ಟೆಗೆ ಆ ಸೂಜಿ ಅಪಾಯವೆಂದೂ ಸೇರಿಸಿದರು. ಕೆಂಪಸಿದ್ದಯ್ಯ ಬೆವೆತುಹೋದರು. ಆದರೂ ವಸಿ ಬಿಟ್ಟು ಕದಲಲಿಲ್ಲ. ನನ್ನ ಅಳತೆ ತಪ್ಪಿದ್ದರೆ ಈ ಮನುಷ್ಯನಿಗೆ ಸುಮ್ಮನೆ ಸೂಜಿ. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಮಧ್ಯಾಹ್ನ ಸಣ್ಣತಾಯಮ್ಮ ಕ್ಯಾರಿಯರ್ ಬಿಚ್ಚಿ ತಟ್ಟೆಗೆ ಮುದ್ದೆ ಹಾಕಿದರು.

"ವಸಿ ಸಾರು ಬುಡಮ್ಮಿ" ಎಂದರು ಕೆಂಪಸಿದ್ದಯ್ಯ.

ನಾನು ಜಿಗಿದು ಎದ್ದೆ. ವಾರ್ಡಿನಲ್ಲಿ ಮೂತ್ರ ಅಳೆಯಲು ಇಟ್ಟಿದ್ದ ಜಾಡಿ ಇತ್ತು. ಹೊಸದು, ಆಣೆ ಮಾಡುತ್ತೇನೆ. ಅದರಲ್ಲೇ ಬಡಿಸಿ ಎಂದೆ. ಸಣ್ಣತಾಯಮ್ಮ ಮೂಗು ಮುರಿದು, ಸೊಪ್ಪಿನ ಸಾರನ್ನು ಜಾಡಿಗೆ ತುಂಬಿ ತುಂಬಿ ತಟ್ಟೆಗೆ ಸುರಿದರು. ಮುದ್ದೆ ಅರ್ಧ ಮುಳುಗಿತು. ಪೂರ್ತಿ ಮುಳುಗಿತು.

"ಇನ್ನೊಂದ್ ವಸಿ" ಎಂದರು ರೋಗಿ.

"ನಾನೂರ ಐವತ್ತು ಮಿಲಿ!" ಎಂದು ನಾನು ಕೂಗಿದೆ. ಪಕ್ಕದ ಮಂಚದವರೆಲ್ಲ ಎದ್ದು ಕುಳಿತರು.

ಕೆಂಪಸಿದ್ದಯ್ಯನವರಿಗೆ ಮೈಯೆಲ್ಲ ಉರಿಯಿತು. "ಸಾರೂ ಅದೂ ಒಂದೇ ಏನವ್ವ? ಸಾರಿನ್ ವಸಿನೇ ಬ್ಯಾರೆ! ಕುಡ್ಯೋದು ಯಾವತ್ತಾದ್ರೂ ಎಲ್ಡ್ ಕ್ವಾಟ್ರು ದಾಟಿದ್ರೆ ಕೇಳು!"

ಹೇಳಿದ ಮೇಲೆ ಅವರಿಗೇ ಕೇಳಿಸಿತು. ತುತ್ತು ಕೈಯಲ್ಲೇ ನಿಂತಿತು.

ಎರಡು ಕ್ವಾರ್ಟರ್, ಮುನ್ನೂರ ಅರವತ್ತು ಮಿಲಿ, ಇಪ್ಪತ್ತೈದು ವರ್ಷ. ಮೂರು ಸಾವಿರ ಲೀಟರ್ ದಾಟಿತು.

"ನಮ್ ಹಸ ಒಂದ್ ವರ್ಸ ಕರ್ದ್ರೂ ಅಷ್ಟಾಗಕಿಲ್ಲ" ಎಂದರು ಸಣ್ಣತಾಯಮ್ಮ. ಅವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಹೊರಗೆ ಹೋಗಿ ಡಾಕ್ಟರಿಗೆ ಫೋನ್ ಮಾಡಿದೆ. ಹಾಗಾದರೆ ಸೂಜಿ ಬೇಡ, ಕಾರಣ ಗೊತ್ತಾಯಿತಲ್ಲ, ಇನ್ನು ಒಂದು ತೊಟ್ಟೂ ಮುಟ್ಟಬಾರದು ಅಷ್ಟೇ ಎಂದರು.

ಸುದ್ದಿ ಹೇಳಲು ಒಳಗೆ ಬಂದೆ. ಹೇಳಿದೆ. ಕೆಂಪಸಿದ್ದಯ್ಯನವರ ಕೈಯಲ್ಲಿ ಇನ್ನೂ ಅದೇ ತುತ್ತಿತ್ತು.

"ದಿನಾ ಬಾಗ್ಲಲ್ಲಿ ನಿಂತ್ಕಂಡು ಕೇಳ್ತಿದ್ದೆ, ಎಷ್ಟ್ ಕುಡ್ದೆ ಅಂತವ" ಎಂದರು ಸಣ್ಣತಾಯಮ್ಮ. "ಯಾಕಯ್ಯ ಹೇಳ್ನಿಲ್ಲ?"

"ಹೇಳಿದ್ರೆ ನೀನು ಬುಟ್ಬುಟ್ಟು ತವರ್ಗೆ ಹೋಯ್ತಿದ್ದೆ ಕಣಮ್ಮಿ."

ಸಣ್ಣತಾಯಮ್ಮ ಅವರ ಕೈ ಹಿಡಿದು ತುತ್ತನ್ನು ಬಾಯಿಗೆ ತಳ್ಳಿದರು.

"ಈಗ ಹೇಳ್ದಲ್ಲ. ಹೋದ್ನಾ?"