ಒಣಗಿದ ಹೊಲಕ್ಕೆ ಹೆಚ್ಚು ನೀರು

ನಮ್ಮ ನೀರಿನ ಸಂಘದ ನಿಯಮ ಸರಳ: ಯಾರ ಹೊಲ ಹೆಚ್ಚು ಒಣಗಿದೆಯೋ ಅವರಿಗೆ ಕಾಲುವೆಯ ನೀರು ಹೆಚ್ಚು ಗಂಟೆ. ಅದನ್ನು ಅಳೆಯುವವನು ನಾನು; ಸಂಜೆ ಕ್ಲಾಸಿಗೆ ಹೋಗಿ ಕಲಿತ ಕೆಲಸ. ಬಿತ್ತನೆಗೆ ಮೊದಲು ಮೂವತ್ತೊಂದು ಹೊಲಗಳಿಂದ ಒಂದೊಂದು ತಗಡಿನ ಡಬ್ಬಿ ಮಣ್ಣು ತಂದು ತೂಗುತ್ತೇನೆ, ಹಿಂದಿನ ಕೋಣೆಯ ಓವನ್‌ನಲ್ಲಿ ಒಂದು ದಿನ ಒಣಗಿಸಿ ಮತ್ತೆ ತೂಗುತ್ತೇನೆ. ಕಡಿಮೆಯಾದ ತೂಕವೇ ಮಣ್ಣಿನಲ್ಲಿದ್ದ ನೀರು. ಜನ ನನ್ನನ್ನು ಡಬ್ಬಿ ಸಾಹೇಬ ಎನ್ನುತ್ತಾರೆ, ಗೌರವಕ್ಕಲ್ಲ.

ಈ ಸಲ ಎಲ್ಲ ಹೊಲಗಳೂ ನೂರಕ್ಕೆ ಎಂಟು, ಒಂಬತ್ತು ತೋರಿಸಿದವು. ಒಂದು ಮಾತ್ರ ಹತ್ತೊಂಬತ್ತು. ತಕ್ಕಡಿ ಒರೆಸಿ ಮೂರು ಸಲ ತೂಗಿದೆ. ಬದಲಾಗಲಿಲ್ಲ. ಯಾಕೆ ಹೀಗೆ ಎಂದು ಒಂದು ಸಾಲೂ ಬರೆಯದೆ ಅಂಕಿಯನ್ನಷ್ಟೇ ಬೋರ್ಡಿಗೆ ಅಂಟಿಸಿದೆ. ನನ್ನ ತಪ್ಪು ಅದೇ.

ಮರುದಿನ ಬೆಳಿಗ್ಗೆ ಸಂಘದ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಆ ಹೊಲದ ಹೆಂಗಸು ಗೋಡೆಗೆ ಒರಗಿ ನಿಂತಿದ್ದಳು. ಗಂಡ ಲಾರಿ ಓಡಿಸುತ್ತಾನೆ, ಬೇಸಾಯವೆಲ್ಲ ಅವಳದೇ. ಪಕ್ಕದ ಹೊಲ ಅವಳ ಭಾವನದು, ಗಂಡನ ಅಣ್ಣನದು. ಅವನೇ ಬೋರ್ಡಿನ ಕಾಗದ ಕಿತ್ತು ಅಧ್ಯಕ್ಷರ ಮೇಜಿನ ಮೇಲೆ ಬಡಿದ.

"ಒಂದೇ ಮಳೆ, ಒಂದೇ ಮಣ್ಣು. ನಂದು ಎಂಟು, ಇವಳದು ಹತ್ತೊಂಬತ್ತು. ಮೇಲಿಂದ ಉದುರ್ತಾ? ಕಾಲುವೆ ತೂಬು ಎತ್ತಿ ನೀರು ಕದೀತಾಳೆ ಅಂತ ನಿಮ್ಮ ಡಬ್ಬಿ ಸಾಹೇಬರೇ ಬರೆದು ಕೊಟ್ಟಿದಾರಲ್ಲ!"

"ಭಾವ, ಮಾತು ನೆಟ್ಟಗಿರ್ಲಿ."

"ಕದ್ದೋರ ಬಾಯಿಗೆ ನೆಟ್ಟಗೆ ಮಾತು ಬೇಕಂತೆ!"

ಯಾರೋ ನಕ್ಕರು. ಕಳವು ಸಾಬೀತಾದರೆ ಇಡೀ ಹಂಗಾಮಿನ ನೀರು ರದ್ದು. ನಾನು ಮುಂದೆ ಬಂದು ಹೇಳಿದೆ: "ತೂಬಿನ ಮುದ್ರೆ ಒಡೆದಿಲ್ಲ. ನಾನೇ ನೋಡಿದ್ದೀನಿ. ಹೊಲಕ್ಕೆ ಬನ್ನಿ, ತೋರಿಸ್ತೀನಿ."

"ಸಂಜೆ ಕ್ಲಾಸಲ್ಲಿ ಕಲಿತಿದ್ದನ್ನ ಹಗಲು ತೋರಿಸ್ತಾರಂತೆ, ನಡೀರಿ," ಎಂದ ಭಾವ.

ಮೊದಲು ಅವನ ಹೊಲ. ಮೂರು ಸಲ ಉತ್ತು, ಹಿಟ್ಟಿನಂತೆ ಪುಡಿ ಮಾಡಿದ ನೆಲ. ತಳವಿಲ್ಲದ ಕಬ್ಬಿಣದ ಬಳೆಯೊಂದನ್ನು ಮಣ್ಣಿಗೆ ಬಡಿದು ಒಂದು ಕೊಡ ನೀರು ಹೊಯ್ದೆ. ಮೇಲಿನ ಪುಡಿ ಕೆಸರಾಗಿ ಮುಚ್ಚಿಕೊಂಡಿತು. ಅರ್ಧ ಗಂಟೆ ಕಳೆದರೂ ನೀರು ಹಾಗೇ ನಿಂತಿತ್ತು. ಪಕ್ಕದಲ್ಲಿ ಅಗೆದರೆ, ಒಂದು ಗೇಣಿನ ಕೆಳಗೆ ಗುದ್ದಲಿ ಟಣ್ ಎಂದಿತು. ಪ್ರತಿ ವರ್ಷ ಅದೇ ಆಳಕ್ಕೆ ಟ್ರ್ಯಾಕ್ಟರ್ ಓಡಿ ಮಣ್ಣು ಹಲಗೆಯಾಗಿತ್ತು.

ಅವಳ ಹೊಲಕ್ಕೆ ಐದು ವರ್ಷದಿಂದ ನೇಗಿಲು ಬಿದ್ದಿರಲಿಲ್ಲ. ಹಿಂದಿನ ಬೆಳೆಯ ಹುಲ್ಲು ದಪ್ಪಗೆ ಹಾಸಿಕೊಂಡಿತ್ತು. ಅದನ್ನು ಸರಿಸಿ ಬಳೆ ಇಟ್ಟು ಅಷ್ಟೇ ನೀರು ಹೊಯ್ದೆ. ಆರು ನಿಮಿಷಕ್ಕೆ ಖಾಲಿ. ಅಗೆದರೆ ಎರೆಹುಳುಗಳ ಬಿಲ, ಕೆಳಗೆ ಮೊಳದುದ್ದ ತೇವ.

"ಇವರು ಕದ್ದಿಲ್ಲ," ಎಂದೆ. ಒಳಗೊಳಗೇ ಹೆಮ್ಮೆಯಾಗಿತ್ತು. "ಬಿದ್ದ ಮಳೆಯನ್ನ ಮಣ್ಣು ಕುಡಿದಿದೆ. ಮೇಲೆ ಹುಲ್ಲಿದೆ, ಬಿಸಿಲಿಗೆ ಆರಿ ಹೋಗಿಲ್ಲ. ನಿಮ್ಮದು ಅರ್ಧ ಹರಿದು ಹೋಯ್ತು, ಅರ್ಧ ಆವಿಯಾಯ್ತು."

ಅಧ್ಯಕ್ಷರು ಬಗ್ಗಿ ಮಣ್ಣು ಮುಟ್ಟಿ ನೋಡಿದರು. "ಸರಿ. ಕಳವಿನ ಮಾತು ಇಲ್ಲಿಗೆ ಮುಗೀತು."

ಭಾವ ಅಗೆದ ಗುಂಡಿಯನ್ನು ಇಣುಕಿ ನೋಡಿದ. ಆಮೇಲೆ ಹಲ್ಲು ಕಿರಿದ. "ಒಪ್ಪಿದೆ. ಕದ್ದಿಲ್ಲ. ನೆಲದ ಹೊಟ್ಟೇಲೇ ನೀರು ತುಂಬ್ಕೊಂಡಿದಾಳೆ. ಹಾಗಾದ್ರೆ ಕಾಲುವೆ ನೀರು ಯಾಕೆ ಇವಳಿಗೆ? ಅಧ್ಯಕ್ಷರೇ, ನಿಯಮ ಏನು?"

ಅಧ್ಯಕ್ಷರು ನನ್ನ ಕಡೆ ತಿರುಗಿದರು. "ಹತ್ತೊಂಬತ್ತಕ್ಕೆ ಎಷ್ಟು ಗಂಟೆ ಬರುತ್ತೆ?"

"ಎರಡು," ಎಂದೆ. ಹೋದ ವರ್ಷ ಬಿತ್ತನೆಗೆ ಮೊದಲು ಮಳೆಯೇ ಬೀಳದೆ ಎಲ್ಲ ಹೊಲಗಳೂ ಒಂದೇ ಸಮ ಒಣಗಿದ್ದವು, ಎಲ್ಲರಂತೆ ಅವಳಿಗೂ ಆರು ಗಂಟೆ ಇತ್ತು.

"ಎರಡು ಗಂಟೆ ನೀರಲ್ಲಿ ತೆನೆ ಕಟ್ಟುತ್ತಾ?" ಅವಳು ಕೇಳಿದ್ದು ಅವರನ್ನಲ್ಲ, ನನ್ನನ್ನು.

ಕಟ್ಟುವುದಿಲ್ಲ. ಈ ತೇವ ಮೊಳಕೆಗೆ, ಬೇರಿಗೆ ಸಾಕು, ಅಷ್ಟೇ. ನಾನು ಅದನ್ನೂ ಹೇಳಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ನಿಯಮ ಬದಲಾದರೆ ತಮ್ಮ ಗಂಟೆಗಳು ಕಡಿಮೆಯಾಗುತ್ತವೆ ಎಂದು ಎಲ್ಲರಿಗೂ ಗೊತ್ತಿತ್ತು.

"ಪಟ್ಟಿ ಅಂತಿಮ ಆಗೋಕೆ ಹತ್ತು ದಿನ ಇದೆ," ಎಂದರು ಅಧ್ಯಕ್ಷರು. "ಬೇಕಾದ್ರೆ ಇನ್ನೊಂದು ಸಲ ಅಳೆಸ್ಕೊಳ್ಳಮ್ಮ."

ಮೂರನೆಯ ದಿನ ಅವಳು ಹೇಳಿ ಕಳಿಸಿದಳು. ಹೋದಾಗ ಹುಲ್ಲೆಲ್ಲ ಬದುವಿನ ಮೇಲೆ ರಾಶಿ ಬಿದ್ದಿತ್ತು, ಟ್ರ್ಯಾಕ್ಟರ್ ಹೊಲದ ನಡುವಿನಲ್ಲಿತ್ತು. ಕಪ್ಪು ಮಣ್ಣಿನ ಹೆಂಟೆಗಳು ಬಿಸಿಲಿಗೆ ಬಾಯಿ ಬಿಟ್ಟು ಕೂತಿದ್ದವು.

"ನಿಲ್ಲಿಸೋಕೆ ಹೇಳಿ," ಎಂದೆ. "ಐದು ವರ್ಷದ ಕೆಲಸ ಹಾಳಾಗುತ್ತೆ."

"ಐದು ವರ್ಷ ನಾನು ಮಾಡಿದ್ದು, ನೀವಲ್ಲ. ಎಂಟಕ್ಕೆ ಇಳಿಯೋಕೆ ಎಷ್ಟು ದಿನ ಬೇಕು, ಅದನ್ನ ಹೇಳಿ."

"ಬಿಸಿಲು ಹೀಗೇ ಇದ್ರೆ... ಐದಾರು ದಿನ."

"ಐದು ದಿನ ಬಿಟ್ಟು ಬನ್ನಿ. ಅಲ್ಲೀವರೆಗೆ ಈ ಕಡೆ ತಲೆ ಹಾಕ್ಬೇಡಿ. ನಿಮ್ಮ ಸಹಾಯ ಸಾಕು."

ನಾನು ಇನ್ನೇನೋ ಹೇಳಲು ಹೋದೆ. ಅವಳು ಆಗಲೇ ಡ್ರೈವರ್ ಕಡೆ ತಿರುಗಿದ್ದಳು.

"ಏನಪ್ಪಾ, ಮೇಲೆ ಮೇಲೆ ಕೆರೀತಿದೀಯಲ್ಲ! ಇನ್ನೂ ಆಳಕ್ಕೆ ಇಳಿಸು!"